ಬಾವುಟದ ಪೇಪರ್ ಕಪ್

ಕುಮುದಾ ಅಮೆರಿಕದ ಸಿಟಿಜನ್‌ಶಿಪ್ ಇಂಟರ್ವ್ಯೂನಲ್ಲಿ ಒಂದು ಸಲ ಫೇಲಾಗಿದ್ದಳು. ಇಂಗ್ಲಿಷಿನಲ್ಲಲ್ಲ, ಇತಿಹಾಸದಲ್ಲಿ. ಉತ್ತರದ ರಾಜ್ಯಗಳೂ ದಕ್ಷಿಣದ ರಾಜ್ಯಗಳೂ ಯಾತಕ್ಕೆ ಹೊಡೆದಾಡಿದವು ಎಂದು ಆಫೀಸರ್ ಕೇಳಿದರೆ, ಮಹಾತಾಯಿ "ನೀರಿಗೆ" ಎಂದುಬಿಟ್ಟಿದ್ದಳು. ಕಾವೇರಿ ಗಲಾಟೆ ನೋಡಿ ಬೆಳೆದವಳು ಇನ್ನೇನು ಹೇಳಿಯಾಳು? ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಮತ್ತೆ ಮೊದಲಿನಿಂದ ಅಪ್ಲೈ ಮಾಡಬೇಕು.

ಗಂಡ ಉದಯಶಂಕರ ಕಲಬುರಗಿಯ ಶರಣುವನ್ನು ಪಾಠಕ್ಕೆ ಗೊತ್ತು ಮಾಡಿದ. ಶರಣು ಅಲ್ಲೇ ಹತ್ತಿರದ ಲಾ ಹೋಯಾದ ಯೂನಿವರ್ಸಿಟಿಯಲ್ಲಿ ಅಮೆರಿಕದ ಇತಿಹಾಸದ ಮೇಲೆ ಪಿಎಚ್‌ಡಿ ಮಾಡುತ್ತಿದ್ದ. ಶನಿವಾರ ಶನಿವಾರ ಇವರ ಅಪಾರ್ಟ್‌ಮೆಂಟಿಗೆ ಬಂದು ಪುಕ್ಕಟೆಯಾಗಿ ಹೇಳಿಕೊಟ್ಟ.

ಮೊದಲ ಶನಿವಾರ ಕುಮುದಾ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, "ಊರಲ್ಲಿ ನಿಮ್ಮ ಮನೆ ಯಾವ ಬೀದೀಲಿ?" ಎಂದು ವಿಚಾರಿಸಿದಳು.

"ಬೀದಿ ಎಲ್ಲೀದು ಆಂಟಿ, ನಮ್ಮ ಕೇರಿ ಊರ ಹೊರಗ ಅದರಿ."

ಎರಡನೆಯ ಶನಿವಾರ ಅವನ ಕಾಫಿ ಪೇಪರ್ ಕಪ್ಪಿನಲ್ಲಿ ಬಂತು. ಡಿಶ್‌ವಾಷರ್ ಕೆಟ್ಟಿದೆ ಎಂದಳು. ಅಡುಗೆಮನೆಯಲ್ಲಿ ಅದು ಗುರ್ರೆನ್ನುತ್ತಲೇ ಇತ್ತು. ಶರಣು ಪುಸ್ತಕ ತೆರೆದ.

ಎಲ್ಲರೂ ಸಮಾನರಾಗಿ ಹುಟ್ಟಿದ್ದಾರೆ ಎಂದು ಸ್ವಾತಂತ್ರ್ಯ ಘೋಷಣೆಯಲ್ಲಿ ಬರೆದವರ ಮನೆಯಲ್ಲೇ ಗುಲಾಮರಿದ್ದರು. ಅದಕ್ಕಾಗಿಯೇ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧವಾಯಿತು, ಗುಲಾಮಗಿರಿ ಹೋಯಿತು. ಆಮೇಲೆ ಕಪ್ಪು ಜನರಿಗೆ ರೈಲಿನಲ್ಲಿ ಬೇರೆ ಡಬ್ಬಿ ಮಾಡಿದರು. ಬೇರೆಯಾದರೂ ಸಮಾನವೇ ಎಂದು ಸುಪ್ರೀಂ ಕೋರ್ಟೇ ಹೇಳಿತು.

"ಡಬ್ಬಿ ಬೇರೆ ಆದ್ರೇನು, ರೈಲು ಒಂದೇ ಅಲ್ವಾ?" ಎಂದಳು ಕುಮುದಾ.

"ಕೋರ್ಟೂ ಹಂಗೇ ಅಂದಿತ್ರಿ. ಅದು ತಪ್ಪು ಅನ್ಲಿಕ್ಕ ಐವತ್ತೆಂಟು ವರ್ಷ ಬೇಕಾತು."

ಆ ಜನ ಪಟ್ಟ ಪಾಡನ್ನೆಲ್ಲ ಕೇಳಿ ಕುಮುದಾ ಕಣ್ಣೊರೆಸಿಕೊಂಡಳು. ನಾಟಕವಲ್ಲ, ನಿಜವಾಗಿಯೇ ಸಂಕಟಪಟ್ಟಳು.

ಈ ಸಲ ಪಾಸಾದಳು. ಆರ್ಟೀಸಿಯಾದ ಇಂಡಿಯನ್ ಅಂಗಡಿಯಿಂದ ಮೈಸೂರುಪಾಕು ತರಿಸಿ, ಪರಿಚಯದ ನಾಲ್ಕು ಮನೆಯವರನ್ನೂ ಶರಣುವನ್ನೂ ಕರೆದಳು. ಎಲ್ಲರಿಗೂ ಲೋಟದಲ್ಲಿ ಕಾಫಿ. ಶರಣುವಿಗೆ ಮಾತ್ರ ಅಮೆರಿಕದ ಬಾವುಟವಿದ್ದ ಪೇಪರ್ ಕಪ್.

"ನಿಮಗೋಸ್ಕರನೇ ಹುಡುಕಿ ತಂದೆ ಶರಣು," ಎಂದಳು ಅಕ್ಕರೆಯಿಂದ.

ಶರಣು ಕಪ್ಪನ್ನು ತಿರುಗಿಸಿ ನೋಡಿದ. "ಆಂಟಿ, ಆ ಬೇರೆ ಡಬ್ಬಿ ಯಾಕ ತಪ್ಪು? ಒಮ್ಮೆ ಎಲ್ಲಾರಿಗೂ ಹೇಳ್ರಿ."

ಕುಮುದಾಗೆ ಬಾಯಿಪಾಠವಾಗಿತ್ತು. "ಒಳಗಿರೋದೆಲ್ಲ ಒಂದೇ ಆದ್ರೂ, ಬೇರೆ ಇಡೋದೇ ನೀನು ಕೀಳು ಅಂತ ಹೇಳಿದ ಹಾಗೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಅವಳ ಕಣ್ಣು ಅವನ ಕೈಯಲ್ಲಿದ್ದ ಕಪ್ಪಿನ ಮೇಲೆ ಬಿತ್ತು. ನಾಚಿಕೆಯಿಂದ ಮುಖ ಬಿಸಿಯಾಯಿತು. ಟ್ರೇಯಲ್ಲಿ ಇನ್ನೂ ಒಂದು ಖಾಲಿ ಲೋಟವಿತ್ತು. ಕೈ ಅತ್ತ ಹೋಯಿತು. ನಾಲ್ಕು ಮನೆಯವರೂ ಅವಳನ್ನೇ ನೋಡುತ್ತಿದ್ದರು. ಕೈ ವಾಪಸು ಬಂದು ಫ್ಲಾಸ್ಕ್ ಹಿಡಿಯಿತು.

"ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಆ ಕಪ್ಪಿಗೇ ಬಗ್ಗಿಸಲು ಹೋದಳು.

ಶರಣು ಕಪ್ಪಿನ ಮೇಲೆ ಅಂಗೈ ಮುಚ್ಚಿದ. "ಬ್ಯಾಡ್ರಿ ಆಂಟಿ."

ಮುಂದಿನ ಶನಿವಾರ ಅವನು ಬರಲಿಲ್ಲ. ಯಾಕೆ ಬರಬೇಕು, ಅವಳು ಪಾಸಾಗಿದ್ದಳಲ್ಲ.