ಬ್ಯಾಡ ಅಂದವರ ಪಟ್ಟಿ

ಡಾಕ್ಟರ್ ಶ್ರೀರಾಮಪ್ಪನವರಿಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳೋದೇನೂ ಇಲ್ಲ. ಬಂಗಾರಪೇಟೆಯಲ್ಲಿ ಇಪ್ಪತ್ತೆರಡು ವರ್ಷ ರೋಗಿಗಳನ್ನು ನೋಡಿದ ಮನುಷ್ಯ, ಆಂಡರ್ಸನ್‌ಪೇಟೆಯ ಆದಿನಾರಾಯಣ ಅನ್ನೋ ಮೂವತ್ತು ತುಂಬದ ಡಾಕ್ಟರನ್ನು ಕಂಡರೆ ಕುದ್ದುಹೋಗುತ್ತಿದ್ದರು.

ತೊಂಬತ್ತೈದನೇ ಇಸವಿ. ಎಚ್‌ಐವಿ ಕೆಜಿಎಫ್‌ಗೂ ಬಂದಾಗಿತ್ತು. ಓದಿದ ಡಾಕ್ಟರುಗಳೇ ಅಂಥ ರೋಗಿಯನ್ನು ಮುಟ್ಟಲು ಕೈ ಹಿಂದೆಗೆಯುತ್ತಿದ್ದ ಕಾಲ. ಹತ್ತು ಜನ ಡಾಕ್ಟರುಗಳಿಗೆ ತರಬೇತಿ ಕೊಡಲು ಬೆಂಗಳೂರಿನಿಂದ ಒಬ್ಬ ಮೇಡಂ ಪ್ರತಿ ಶನಿವಾರ ಅಲ್ಲಿನ ಗಣಿ ಬಡಾವಣೆ ಕೋರಮಂಡಲ್‌ಗೆ ಬರುತ್ತಿದ್ದರು. ಈ ರೋಗಿಗಳನ್ನು ಹೇಗೆ ನೋಡಿಕೊಳ್ಳಬೇಕು ಅನ್ನೋದು ಒಂದು ಪಾಠ, ಸಂಶೋಧನೆ ಹೇಗೆ ಮಾಡಬೇಕು ಅನ್ನೋದು ಇನ್ನೊಂದು. ಪಾಠದ ಜೊತೆಗೇ ಒಂದು ಅಧ್ಯಯನವೂ ಶುರುವಾಗಿತ್ತು. ಒಪ್ಪಿದ ರೋಗಿಗಳ ರಕ್ತ ತಿಂಗಳಿಗೊಮ್ಮೆ ತೆಗೆಯಬೇಕು, ಆಗಾಗ ಜೀಪಿನಲ್ಲಿ ಅವರ ಮನೆಗೆ ಹೋಗಿ ನೋಡಬೇಕು, ಯಾರಿಗೆ ಯಾವಾಗ ಕ್ಷಯ ಬಂತು, ಜ್ವರ ಬಂತು ಅಂತ ಒಂದು ವರ್ಷ ಬರೆದಿಡಬೇಕು. ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ ಮದ್ರಾಸಿನಲ್ಲಿ ಮೂರು ತಿಂಗಳ ತರಬೇತಿ, ಬಂದ ಮೇಲೆ ಇಲ್ಲಿನ ಕೆಲಸಕ್ಕೆಲ್ಲ ಅವರೇ ಮುಖ್ಯಸ್ಥರು. ಆ ಒಂದು ಜಾಗ ತಮಗೇ ಸಿಗಬೇಕು ಅಂತ ಶ್ರೀರಾಮಪ್ಪ ಹಟ ಹಿಡಿದಿದ್ದರು. ಜೀವಮಾನವೆಲ್ಲ ಯಾರೋ ಬರೆದ ಪುಸ್ತಕ ನೋಡಿ ಔಷಧಿ ಕೊಟ್ಟಿದ್ದಾಯಿತು, ಒಂದು ಸಲವಾದರೂ ತಮ್ಮ ಹೆಸರಿನಲ್ಲಿ ಏನಾದರೂ ಅಚ್ಚಾಗಬೇಡವೇ?

ಆದರೆ ಮೇಡಂ ಬಾಯಲ್ಲಿ ಬರೀ ಆದಿನಾರಾಯಣನ ಜಪ. ಅವನು ಗಣಿಯವರ ಹತ್ತಿರ ತಮಿಳು ಆಡುತ್ತಾನಂತೆ, ಹಳ್ಳಿಯವರ ಹತ್ತಿರ ತೆಲುಗು. ಸ್ಟೂಲು ಎಳೆದುಕೊಂಡು ರೋಗಿಯ ಮಗ್ಗುಲಲ್ಲೇ ಕೂರುತ್ತಾನಂತೆ. ಅಯ್ಯೋ, ಸ್ಟೂಲಿನ ಮೇಲೆ ಕೂತವರೆಲ್ಲ ಸಂಶೋಧಕರಾಗುವುದಾದರೆ ಟೀ ಅಂಗಡಿಯಲ್ಲಿ ಎಷ್ಟು ಜನ ಇಲ್ಲ! ಇಷ್ಟಾದರೂ ಅವನು ಎದುರು ಸಿಕ್ಕಾಗ “ನಮಸ್ಕಾರ ಸಾರ್” ಅಂತ ಎದ್ದು ನಿಲ್ಲುತ್ತಿದ್ದ. ಅದಕ್ಕೆ ಇವರಿಗೆ ಇನ್ನೂ ಉರಿಯುತ್ತಿತ್ತು.

ಇರಲಿ, ಲೆಕ್ಕದಲ್ಲಿ ಸೋಲಿಸುತ್ತೇನೆ ಅಂದುಕೊಂಡರು ಶ್ರೀರಾಮಪ್ಪ. ಬಂದ ರೋಗಿಗೆಲ್ಲ “ಒಂದು ಅಧ್ಯಯನ ಐತೆ, ಸೇರ್ಕೊ” ಅನ್ನುವರು. ರೋಗಿ ಕೈಮುಗಿದು “ತಮ್ ಚಿತ್ತ ಸ್ವಾಮಿ” ಅನ್ನುವನು. ನರ್ಸ್ ಪಾಪಕ್ಕ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವಳು. ಎರಡು ನಿಮಿಷದ ಕೆಲಸ.

ನರಸಮ್ಮನೂ ಹಾಗೇ ಹೆಬ್ಬೆಟ್ಟು ಒತ್ತಿದಳು. ಆಕೆಯ ತವರು ಬಂಗಾರಪೇಟೆ ಪಕ್ಕದ ಹಳ್ಳಿ. ಹದಿನೆಂಟು ವರ್ಷದ ಹಿಂದೆ ಮಗಳನ್ನು ಹೆತ್ತಾಗಿನಿಂದ ಶ್ರೀರಾಮಪ್ಪನವರ ಕೈಗುಣವನ್ನೇ ನಂಬಿದವಳು. ಗಣಿಯಲ್ಲಿದ್ದ ಗಂಡ ಇದೇ ಕಾಯಿಲೆಯಲ್ಲಿ ಹೋದ. ಈಗ ಇವಳಿಗೂ ಇತ್ತು. ಕೋರಮಂಡಲ್ಲಿನಲ್ಲಿ ಗಣಿ ಕೆಲಸಗಾರರ ಲೈನ್ ಮನೆಗಳವರ ಕಣ್ಣು ತಪ್ಪಿಸಿ ರೈಲು ಹತ್ತಿ ಇವರ ಹತ್ತಿರವೇ ಬರುತ್ತಿದ್ದಳು. ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುತ್ತ ಅಂದಳು: “ಒಂದ್ಸಲ ಆಂಡರ್ಸನ್ ಪೇಟೆಗೆ ಹೋದಾಗ ಆ ಸಣ್ ಡಾಕ್ಟ್ರೂ ಕೇಳಿದ್ರು ಸ್ವಾಮಿ. ಅವರ್ಗೆ ಬ್ಯಾಡ ಅಂದ್ಬಿಟ್ಟೆ.”

ಶ್ರೀರಾಮಪ್ಪನವರಿಗೆ ಸ್ವರ್ಗ ಮೂರೇ ಗೇಣು. ಅವನಿಗೆ ಬ್ಯಾಡ ಅಂದವಳು ನನಗೆ ಹೂಂ ಅಂದಳು!

“ಯಾಕೆ ಬ್ಯಾಡ ಅಂದಳಂತೆ, ಕೇಳಬೇಕಿತ್ತು ಸಾರ್,” ಅಂದಳು ಪಾಪಕ್ಕ.

“ನಿನಗ್ಯಾಕೆ ಊರ ಉಸಾಬರಿ?” ಅಂತ ಗದರಿದರು.

ಶನಿವಾರ ಎಲ್ಲರ ಫೈಲು ಮೇಡಂ ಮುಂದೆ ಬಂತು. ಆದಿನಾರಾಯಣನದು ಇಪ್ಪತ್ತು ಒಪ್ಪಿಗೆ, ಶ್ರೀರಾಮಪ್ಪನವರದು ನಲವತ್ತೊಂದು. ಮೀಸೆ ಮೇಲೆ ಕೈ ತಾನಾಗಿ ಹೋಯಿತು.

ಮೇಡಂ ಹಾಳೆ ತಿರುವಿದರು. “ಬೇಡ ಅಂದವರ ಪಟ್ಟಿ ಎಲ್ಲಿ?”

“ನನಗೆ ಯಾರೂ ಬೇಡ ಅನ್ನಲಿಲ್ಲ ಮೇಡಂ,” ಅಂದರು, ಹತ್ತೂ ಜನಕ್ಕೆ ಕೇಳುವ ಹಾಗೆ.

ಆದಿನಾರಾಯಣನ ಫೈಲಿನಲ್ಲಿ ಹನ್ನೊಂದು ಜನ ಬೇಡ ಅಂದಿದ್ದರು. ಹೆಸರಿಲ್ಲ, ಬರೀ ನಂಬರು, ಪಕ್ಕದಲ್ಲಿ ಕಾರಣ. ಮೇಡಂ ಎರಡೂ ಫೈಲನ್ನು ಒಟ್ಟಿಗಿಟ್ಟರು. “ನಲವತ್ತೊಂದು ಜನರಲ್ಲಿ ಒಬ್ಬರೂ ಬೇಡ ಅನ್ನಲಿಲ್ಲ ಅಂದರೆ ನೀವು ಕೇಳಿಲ್ಲ ಡಾಕ್ಟ್ರೇ, ಅಪ್ಪಣೆ ಮಾಡಿದ್ದೀರಿ. ಮುಂದಿನ ಶನಿವಾರದೊಳಗೆ ಎಲ್ಲರನ್ನೂ ಮತ್ತೆ ಕೇಳಿ. ಆಮೇಲೆ ಮದ್ರಾಸಿನ ಮಾತು.”

ರೈಲಿನಲ್ಲಿ ಬರುವಾಗ ಶ್ರೀರಾಮಪ್ಪ ಕುದಿಯುತ್ತಿದ್ದರು. ಬೇಡ ಅಂದವರೇ ಬೇಕಂತೆ! ಅದಕ್ಕೇನು, ಏಳೆಂಟು ನಂಬರು ನಾನೇ ಬರೆದರೆ ಯಾರಿಗೆ ಗೊತ್ತಾಗುತ್ತೆ? ಪೆನ್ನಿನ ಮುಚ್ಚಳ ತೆಗೆದರು. ಮೊದಲು ನರಸಮ್ಮನ ನಂಬರು ನೆನಪಿಗೆ ಬಂತು. ಅವಳದನ್ನಂತೂ ಬರೆಯುವುದಿಲ್ಲ, ಆ ಒಂದು ಗೆಲುವು ನನ್ನದು, ಉಳಿದದ್ದು ಆಮೇಲೆ ಅಂದುಕೊಂಡು ಮುಚ್ಚಳ ಹಾಕಿದರು.

ಬುಧವಾರ ನರಸಮ್ಮ ಕೆಮ್ಮುತ್ತ ಬಂದಳು. ಕೈಗುಣದ ಮಾತು ಅವಳ ಬಾಯಲ್ಲೇ ಕೇಳುವ ಆಸೆಯಿಂದ ಶ್ರೀರಾಮಪ್ಪ ಕೆದಕಿದರು. “ಅಲ್ಲಿ ಬ್ಯಾಡ ಅಂದೋಳು ನನಗೆ ಯಾಕೆ ಹೂಂ ಅಂದೆ ನರಸಮ್ಮ?”

ಅವಳು ಸೆರಗು ಹಿಂಡುತ್ತ ನಿಂತಳು. “ಬ್ಯಾಡ ಅಂದ್ರೂ ಔಸ್ದಿ ಕೊಡ್ತೀನಿ ಅಂದ್ರು ಸ್ವಾಮಿ ಅವರು. ತಾವು ಅದನ್ನ ಹೇಳ್ಲಿಲ್ಲ.”

ಶ್ರೀರಾಮಪ್ಪನವರಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತೆರಡು ವರ್ಷ ಕೇಳಿಸಿಕೊಂಡ ‘ತಮ್ ಚಿತ್ತ’ಗಳೆಲ್ಲ ಒಟ್ಟಿಗೆ ಕಿವಿಗೆ ಬಂದವು. ಮರ್ಯಾದೆ ಅಂದುಕೊಂಡಿದ್ದರು. ಅದು ರೋಗಿಗಳ ಭಯವಾಗಿತ್ತು.

ಪಾಪಕ್ಕನ ಸ್ಟೂಲು ಎಳೆದು ಅವಳ ಪಕ್ಕ ಕೂತರು. ಹಾಗೆ ಕೂರಲು ನಾಚಿಕೆಯಾಯಿತು, ಕೂತರು. “ತಪ್ಪು ನಂದು ಕಣಮ್ಮ. ನೀನು ಬ್ಯಾಡ ಅಂದ್ರೂ ಔಷಧಿ ಕೊಡ್ತೀನಿ. ಈಗ ಹೇಳು.”

“ನಿಮ್ ಜೀಪು ಬಂದು ಲೈನ್ ಮನೆ ಮುಂದೆ ನಿಂತ್ರೆ ನನ್ ಮಗಳ ಮದ್ವೆ ಆದಂಗೇ! ಬ್ಯಾಡ ಸ್ವಾಮಿ.”

ಅಂದಳು, ಅಂದವಳು ಕದಲಲಿಲ್ಲ. ಅವರ ಕೈಯನ್ನೇ ನೋಡುತ್ತ ನಿಂತಳು. ಶ್ರೀರಾಮಪ್ಪ ತಾವೇ ಎದ್ದು ತಿಂಗಳ ಮಾತ್ರೆ ತಂದು ಅವಳ ಕೈಗಿಟ್ಟರು. ಆಮೇಲೆ ಅವಳು ಮಾತ್ರೆಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು. ಪಟ್ಟಿಯಲ್ಲಿ ಮೊದಲ ನಂಬರು ಬಿತ್ತು.

ಶನಿವಾರದೊಳಗೆ ಮತ್ತೆ ಕೇಳಲು ಸಿಕ್ಕವರು ಇಪ್ಪತ್ತಾರು ಜನ. ಹದಿನಾಲ್ಕು ಹೂಂ, ಹನ್ನೆರಡು ಬ್ಯಾಡ. ಪಟ್ಟಿಯನ್ನು ಇದ್ದ ಹಾಗೇ ಮೇಡಂಗೆ ಕೊಟ್ಟರು. ಜಾಗ ಆದಿನಾರಾಯಣನಿಗೆ ಹೋಯಿತು.

ಅವನು ಮದ್ರಾಸ್ ರೈಲು ಹತ್ತುವ ದಿನ ಶ್ರೀರಾಮಪ್ಪ ಬಂಗಾರಪೇಟೆ ಸ್ಟೇಷನ್ನಿಗೆ ಹೋದರು. ಯಾಕೆ ಹೋದೆ ಅಂತ ತಮಗೇ ತಿಳಿಯಲಿಲ್ಲ. ಅವನು ಎಂದಿನಂತೆ “ನಮಸ್ಕಾರ ಸಾರ್” ಅಂದ. “ಈ ಜಾಗ ನಿಮಗೆ ಸಿಗಬೇಕಿತ್ತು.”

“ಸುಮ್ಮನಿರಯ್ಯ. ನಿನ್ನ ಕಂಡರೆ ನನಗೆ ಹೊಟ್ಟೆಕಿಚ್ಚು, ಆದರೆ ಮದ್ರಾಸಿನ ಜಾಗಕ್ಕಲ್ಲ.” ಒಂದು ಹೆಸರು ನಾಲಿಗೆ ತುದಿಗೆ ಬಂತು, ನುಂಗಿಕೊಂಡರು. “ನನ್ನ ಪಟ್ಟಿಯಲ್ಲಿ ಒಂದು ನಂಬರು ಇದೆ. ನಿನಗೆ ಮೊದಲ ದಿನವೇ ಧೈರ್ಯವಾಗಿ ಬ್ಯಾಡ ಅಂದೋಳು. ನನಗೆ ಹಾಗನ್ನೋಕೆ ಹದಿನೆಂಟು ವರ್ಷ ತಗೊಂಡಳು ಕಣಯ್ಯ!”