ಕುಳಿತೇ ಹೋಗಬೇಕಾದವನು

ತೆಲಂಗಾಣ ಬೇರೆಯಾದ ಮರುವರ್ಷ, ಹಿಂಗಾರಿ ಜೋಳ ಹಾಲುಗಾಳಾಗುವ ಕಾಲ, ಎಮ್ಮೆ ಹಿಂಡುವ ಹೊತ್ತಿಗೆ ಕಾಶ್ಮೀರದಿಂದ ಫೋನು ಬಂತು. ನನ್ನ ತಮ್ಮನ ಮಗ ಕಾಂತೇಶ ಸುರಂಗದ ಕೆಲಸದಲ್ಲಿ ಕಲ್ಲು ಕುಸಿದು ತೀರಿಕೊಂಡಿದ್ದ. ಸುದ್ದಿ ಹೇಳಿದವನು ಗಣೇಶ. ಗದ್ವಾಲದ ನೇಕಾರರ ಪೈಕಿ. ಮಗ್ಗ ಬಿಟ್ಟು ಕಾಂತೇಶನ ಜೊತೆಗೇ ಮೇಸ್ತ್ರಿಯ ಹಿಂದೆ ಹೋದವನು.

ಕಾಂತೇಶನ ತಾಯಿ ಗುರಮ್ಮ ಅಳುವುದಕ್ಕೂ ಮೊದಲು ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಗಣೇಶಪ್ಪಾ, ಮೈ ಸೆಟೆಯೂದ್ರೊಳಗ ಅವನ್ನ ಕೂಡಿಸಿಬಿಡು. ಗ್ವಾಡಿಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ ಕಟ್ಟು. ಅವರಪ್ಪನ ಮಗ್ಗುಲಾಗ ಅವ ಕುಂತೇ ಹೋಗಬೇಕು."

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಪೂಜೆಗೆ ಕುಳಿತ ಹಾಗೆ ಕೂಡಿಸಿ, ಗುಣಿಯ ಒಳಗೋಡೆಯಲ್ಲಿ ತೋಡಿದ ಗೂಡಿನಲ್ಲಿಟ್ಟು, ಎಡಗೈಯಲ್ಲಿ ಲಿಂಗ ಕೊಟ್ಟು, ವಿಭೂತಿ, ಪತ್ರಿ ಹಾಕಿ ಮಣ್ಣು ಕೊಡುತ್ತೇವೆ. ಜೀವ ಹೋದ ಕೂಡಲೇ ಕೂಡಿಸಿದರೆ ಮೈ ಹಾಗೇ ನಿಲ್ಲುತ್ತದೆ. ತಮ್ಮ ಹೋದಾಗ ಗುರಮ್ಮನೇ ಅವನ ತಲೆಗೆ ಪಟ್ಟಿ ಕಟ್ಟಿ ಗೋಡೆಗೆ ಆನಿಸಿದ್ದಳು.

ಹಿಮ ಬಿದ್ದು ವಿಮಾನ ತಡವಾಯಿತು. ಅಷ್ಟರಲ್ಲಿ ನಮ್ಮ ಬೀಗರಾದ ಶಿವಶಂಕರಪ್ಪ ನಾರಾಯಣಪೇಟೆಯಿಂದ ಬಂದರು. ವಿಮಾನದಲ್ಲಿ ಬರುವ ಹೆಣಕ್ಕೆ ಮದ್ದು ತುಂಬಿ ಪೆಟ್ಟಿಗೆಯಲ್ಲಿ ಮಲಗಿಸಿಯೇ ಕಳಿಸುತ್ತಾರೆ, ಅದು ಕಟ್ಟಿಗೆಯಾಗಿರುತ್ತದೆ, ಬಗ್ಗುವುದಿಲ್ಲ, ಉದ್ದಕ್ಕೇ ತೋಡಿಸಿ ಎಂದರು. ಗುರಮ್ಮ ಒಪ್ಪಲಿಲ್ಲ. ಉದ್ದಕ್ಕೆ ತೋಡುವುದಾದರೆ ಇನ್ನೊಂದು ಮೊಳ ಅಗಲ ತೋಡಿ ನನ್ನನ್ನೂ ಅದರಲ್ಲೇ ಮಲಗಿಸಿ ಎಂದಳು. ಗುಣಿ ತೋಡುವ ಸಾಯಣ್ಣ ಗುದ್ದಲಿ ಒರಗಿಸಿ ಶಿವಶಂಕರಪ್ಪನವರಿಗೆ ಹೇಳಿದ: "ನಿಮಗಿಂತ ಬಗ್ಗದವರನ್ನೂ ಕೂಡಿಸೀವ್ರಿ, ಸಾವ್ಕಾರ್ರ." ಚೌಕವಾಗಿಯೇ ತೋಡಿದ.

ನಾನು ಒಂದು ಗಾಡಿ ಮಾಡಿಕೊಂಡು ಶಂಷಾಬಾದಿನ ವಿಮಾನ ನಿಲ್ದಾಣಕ್ಕೆ ಹೋದೆ. ಜನ ಇಳಿಯುವ ಬಾಗಿಲಿನಿಂದ ಹೆಣ ಬರುವುದಿಲ್ಲ. ಸರಕು ಬರುವ ಶೆಡ್ಡು ಬೇರೆ, ಬಹಳ ದೂರ. ಅಲ್ಲಿ ಹೂವಿನ ಡಬ್ಬ, ಮೀನಿನ ಡಬ್ಬ, ಟಿವಿ ಪೆಟ್ಟಿಗೆಗಳ ನಡುವೆ ಎತ್ತುವ ಗಾಡಿಯೊಂದು ಕಾಂತೇಶನನ್ನು ತಂದು ಇಳಿಸಿತು. ಮುಚ್ಚಳದ ಮೇಲೆ ತೂಕ ಬರೆದಿದ್ದರು. ತಲೆ ಯಾವ ಕಡೆ ಎಂದು ಬಾಣ ಹಾಕಿದ್ದರು. ನಾನು ಬಾಣದ ಕಡೆ ಕೈ ಇಟ್ಟೆ. ಹಲಗೆ ತಣ್ಣಗಿತ್ತು.

ಗಣೇಶ ಅದೇ ವಿಮಾನದಲ್ಲಿ ಬಂದಿದ್ದ. ಆಸ್ಪತ್ರೆಯವರು ಬಿಚ್ಚಿಕೊಟ್ಟ ಕಾಂತೇಶನ ಕೊರಳಿನ ಲಿಂಗವನ್ನು ಕರವಸ್ತ್ರದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದ.  ಜಡಚರ್ಲದಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಕಪ್ಪನ್ನು ಕೈಯಲ್ಲೇ ಹಿಡಿದು ಹೇಳಿದ. ಗುರಮ್ಮ ಹೇಳಿದಂತೆ ಅವನು ಕೂಲಿಗಳ ತಗಡಿನ ಶೆಡ್ಡಿನಲ್ಲಿ ಕಾಂತೇಶನನ್ನು ಕೂಡಿಸಿ ಹಗ್ಗದಿಂದ ಕಟ್ಟಿದ್ದನಂತೆ. ಆ ಚಳಿಗೆ ಮೈ ಕುಳಿತಂತೆಯೇ ಕಲ್ಲಾಯಿತು. ಪೊಲೀಸರು ಹಾಗೇ ಹೊತ್ತುಕೊಂಡು ಆಸ್ಪತ್ರೆಗೆ ಒಯ್ದರು. ಅಲ್ಲಿಯವರು, ಕುಳಿತ ಹೆಣಕ್ಕೆ ಪೆಟ್ಟಿಗೆ ಇಲ್ಲ, ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ ಅಂದರು. ಎರಡು ದಿನ ಬಿಡಿ, ತಾನೇ ಸಡಿಲಾಗುತ್ತದೆ ಎಂದು ಇವನು ಕೈಮುಗಿದ. ಅವರಿಗೆ ಅಷ್ಟು ಪುರುಸೊತ್ತಿರಲಿಲ್ಲ.

"ನಾ ಹೊರಗ ನಿಂತಿದ್ದೆ, ದೊಡ್ಡಪ್ಪ," ಎಂದ. "ಮಂಡಿ ಮುರಿದದ್ದು ಕೇಳಿಸ್ತು. ಆಮೇಲೆ ಸೊಂಟ. ಅಮ್ಮ ಹೇಳಿದ್ದಕ್ಕ ಕಟ್ಟಿದೆ. ಕಟ್ಟದಿದ್ರ ಅವ ಸುಮ್ಮನ ಮಲಗಿ ಬರ್ತಿದ್ದ."

ಕಪ್ಪನ್ನು ಅಲ್ಲೇ ಕಲ್ಲಿನ ಮೇಲಿಟ್ಟ. ನಾನು ಒಂದು ಮಾತು ಕೇಳಿದೆ: ಇದನ್ನು ಇನ್ನಾರಿಗಾದರೂ ಹೇಳಿದ್ದೀಯಾ? ಇಲ್ಲ ಎಂದ. ಹೇಳಬೇಡ ಎಂದೆ. ಮರಿಕಲ್ ದಾಟುವವರೆಗೆ ಪೆಟ್ಟಿಗೆ ಅಲುಗಾಡದಂತೆ ಅವನು ಅದರ ಮೇಲೆ ಕೈಯಿಟ್ಟೇ ಕುಳಿತಿದ್ದ.

ಮಕ್ತಲ್ ಹತ್ತಿರದ ನಮ್ಮ ಊರು ಮುಟ್ಟಿದಾಗ ಬಿಸಿಲು ಇಳಿದಿತ್ತು. ಪೆಟ್ಟಿಗೆಯನ್ನು ನೇರ ಗುಣಿ ತೋಡಿದ ಹೊಲಕ್ಕೇ ಒಯ್ದೆವು. ಮೊಳೆ ಕಿತ್ತಾಗ ಮದ್ದಿನ ಘಾಟು ಕಣ್ಣಿಗೆ ಹೊಡೆಯಿತು. ಹೆಂಗಸರು ಸೆರಗು ಮುಚ್ಚಿಕೊಂಡು ಹಿಂದೆ ಸರಿದರು. ಗುರಮ್ಮ ಸರಿಯಲಿಲ್ಲ. ಮಗನ ಮುಖ ನೋಡಿ, ಗಲ್ಲ ಮುಟ್ಟಿ, ಕೂಡಿಸ್ರಿ ಎಂದಳು.

ಶಿವಶಂಕರಪ್ಪ ಬೇಡ ಎನ್ನುವಂತೆ ನನ್ನ ಕಡೆ ನೋಡಿದರು. ನಾನೂ ಸಾಯಣ್ಣನೂ ಬಗಲಿಗೆ ಕೈ ಹಾಕಿ ಎತ್ತಿದೆವು. ಕೊರಳು, ತೋಳು ಕಟ್ಟಿಗೆಯೇ ಆಗಿದ್ದವು. ಸೊಂಟ ಮಾತ್ರ ಬಗ್ಗಿತು. ಕಾಲುಗಳು ಹಿಡಿದ ಕಡೆಗೆ ಮಡಚಿಕೊಂಡವು, ಒಂದಿಷ್ಟೂ ತಡೆಯಲಿಲ್ಲ. ಸಾಯಣ್ಣನ ಕೈ ಒಂದು ಗಳಿಗೆ ನಿಂತಿತು. ಎಷ್ಟೋ ಜನರನ್ನು ಕೂಡಿಸಿದ ಕೈ, ಅವನಿಗೆ ಗೊತ್ತಾಯಿತು. ನನ್ನ ಮುಖ ನೋಡಿ ತಲೆ ತಗ್ಗಿಸಿದ.

ಗುರಮ್ಮ ಜನರ ಕಡೆ ತಿರುಗಿದಳು.

"ಬಗ್ಗೂದಿಲ್ಲ ಅಂದ್ರಲ್ಲ, ಬೀಗರ? ನೋಡ್ರಿ. ನನ್ನ ಮಗ ನನ್ನ ಮಾತು ಕೇಳಿ ಕುಂತಾನ."

ಶಿವಶಂಕರಪ್ಪ ರುಮಾಲು ತೆಗೆದು ಶಿವಶಿವಾ ಎಂದರು. ಗೂಡಿನಲ್ಲಿ ಕಾಂತೇಶ ಅಪ್ಪನ ಮಗ್ಗುಲಿಗೆ ಕುಳಿತ. ಗಣೇಶ ಎದೆಯ ಮೇಲಿನ ಗಂಟು ಬಿಚ್ಚಿ ಲಿಂಗ ಕೊಟ್ಟ. ಕ್ರಿಯೆ ಮಾಡಿಸುತ್ತಿದ್ದ ಸ್ವಾಮಿಗಳು ಅದನ್ನು ಎಡಗೈಗೆ ಇಡಲು ಹೋದರೆ ಬೆರಳು ತೆರೆಯಲಿಲ್ಲ. ನೂಲಿನಿಂದ ಕಟ್ಟಿದೆವು.

ಗಣೇಶನನ್ನು ಗುರಮ್ಮ, ಸತ್ತವರ ಹೆಸರಿನಲ್ಲಿ ಜಂಗಮರಿಗೆ ಉಣಬಡಿಸುವ ಗಣಾರಾಧನೆ ಮುಗಿಯುವವರೆಗೆ ಇರು ಎಂದು ಹಿಡಿದಿಟ್ಟಳು. ಬಂದ ಹೆಂಗಸರಿಗೆಲ್ಲ ಅವನನ್ನು ತೋರಿಸುವಳು, ಇವನೇ ಅಲ್ಲಿ ಕೂಡಿಸಿದವನು, ಅದಕ್ಕೇ ಇಲ್ಲಿ ಕುಳಿತ ಎನ್ನುವಳು. ಅವನ ತಾಟಿಗೆ ತಾನೇ ರೊಟ್ಟಿ ಹಾಕುವಳು. ಅವನು ತುತ್ತು ಹಿಡಿದು ಕೂರುವನು, ಬಾಯಿಗೆ ಇಡುತ್ತಿರಲಿಲ್ಲ. ಒಮ್ಮೆ ಎದುರಿಗೇ ಕುಳಿತು ಕೇಳಿದಳು.

"ದಾರ್ಯಾಗ ಅವಗ ಯಾರೂ ತ್ರಾಸ ಕೊಡಲಿಲ್ಲಲ್ಲಪ್ಪಾ?"

ಅವನು ನನ್ನ ಕಡೆ ನೋಡಿದ. ನಾನು ಕಂಬಕ್ಕೆ ಒರಗಿ ಕುಳಿತಿದ್ದೆ.

"ಲೇದಮ್ಮಾ," ಎಂದ ತನ್ನ ತೆಲುಗಿನಲ್ಲಿ. "ಯಾರೂ ಇಲ್ಲ."

ಗಣಾರಾಧನೆಗೆ ಅವನು ಇರಲಿಲ್ಲ. ಅವನು ಹೊರಡುವ ದಿನಕ್ಕೆಂದು ಗುರಮ್ಮ ಮೊದಲೇ ಕಟ್ಟಿಟ್ಟ ಬುತ್ತಿ ಜಗುಲಿಯ ಮೇಲೇ ಇತ್ತು. ಗಣೇಶ ಅದಕ್ಕೂ ಮೊದಲಿನ ಸೋಮವಾರ ಮುಂಜಾನೆ, ಅವಳು ಗುಣಿಗೆ ನೀರು ಹಾಕಲು ಹೋದಾಗ, ಗದ್ವಾಲದ ಬಸ್ಸು ಹತ್ತಿ ಹೋದ.