ಸ್ನಾನದ ಮನೆಯ ನಾಲ್ಕನೇ ಸಾಲು

“ಇನ್ನೊಂದು ಟೈಲ್ಸ್ ಕಿತ್ರೆ ನಾನು ಸ್ನಾನಕ್ಕೆ ಪಕ್ಕದ ಮನೆಗೆ ಹೋಗ್ಬೇಕಾಗುತ್ತೆ. ಉಳಿ ಕೆಳಗಿಡಿ,” ಎಂದಳು ನನ್ನ ಹೆಂಡತಿ, ಸ್ನಾನದ ಮನೆಯ ಬಾಗಿಲಿಗೆ ಅಡ್ಡ ನಿಂತು.

“ನಾಲ್ಕನೇ ಸಾಲು ಹೊಟ್ಟೆ ಬಿಟ್ಟಿದೆ, ಕಾಣಲ್ವಾ ನಿಂಗೆ?”

“ಸಾಲು ನೆಟ್ಟಗಿದೆ. ಹೊಟ್ಟೆ ಬಿಟ್ಟಿರೋದು ನೀವು. ಎರಡು ತಿಂಗಳಿಂದ ಕೂತು ತಿಂತಿದ್ದೀರಲ್ಲ.”

ಸೋಂಕಿನ ಕಾಲ, ಕೆಲಸವೆಲ್ಲ ನಿಂತಿತ್ತು. ಮೂವತ್ತೆರಡು ವರ್ಷ ಟೈಲ್ಸ್ ಹಾಕಿದವನು ನಾನು. ಗೆರೆ ಮೇಸ್ತ್ರಿ ಅಂತಲೇ ನನ್ನನ್ನು ಕರೆಯುವುದು. ಸ್ವಂತ ಮನೆಯ ಗೋಡೆಯನ್ನು ಕೂತು ನೋಡಲು ಪುರುಸೊತ್ತಾದದ್ದು ಈಗಲೇ. ನೋಡಿದರೆ ಗೆರೆ ಬಾಗಿದೆ. ರಸಮಟ್ಟ ಇಟ್ಟೆ. ಅದರೊಳಗಿನ ಗುಳ್ಳೆ ನಟ್ಟನಡುವೆ ನಿಂತು, ಗೋಡೆ ಸರಿಯಾಗಿದೆ ಎಂದಿತು. ರಸಮಟ್ಟವೇ ಕೆಟ್ಟಿರಬೇಕೆಂದುಕೊಂಡು ಒಂದು ಟೈಲ್ಸ್ ಕಿತ್ತೇಬಿಟ್ಟಿದ್ದೆ.

ಅವಳು ಕಣ್ಣಾಸ್ಪತ್ರೆಗೆ ಫೋನ್ ಮಾಡಿ, ನೆಟ್ಟಗಿರೋ ಗೆರೆ ಇವರಿಗೆ ಬಾಗಿ ಕಾಣುತ್ತೆ ಎಂದು ಹೇಳಿ, ನನ್ನ ಕೈಗೆ ಕೊಟ್ಟಳು.

“ಕಣ್ಣು ಪರೀಕ್ಷೆಗೆ ಚೌಕುಳಿ ಹಾಳೆ ಇದ್ಯಾ ಅಣ್ಣ?” ಎಂದು ಕೇಳಿದಳು ಆ ಕಡೆಯ ನರ್ಸು.

“ಗೋಡೆ ತುಂಬ ಚೌಕುಳಿಯೇ ಇದೆ ಸಿಸ್ಟರ್.”

“ಹಾಗಾದ್ರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ.”

ಬಲಗಣ್ಣು ಮುಚ್ಚಿದೆ. ನನ್ನ ಗೆರೆಗಳು ದಾರ ಹಿಡಿದಂತೆ ನೆಟ್ಟಗಿದ್ದವು. ಎಡಗಣ್ಣು ಮುಚ್ಚಿದೆ. ಅವೇ ಗೆರೆಗಳು ಒದ್ದೆ ಬಟ್ಟೆ ಹಾಕಿದ ಹಗ್ಗದ ಹಾಗೆ ಜೋತುಬಿದ್ದವು. ಕೈಯಲ್ಲಿದ್ದ ಉಳಿಯನ್ನು ಮೆಲ್ಲಗೆ ಬಕೆಟ್ಟಿನ ಪಕ್ಕ ಇಟ್ಟೆ.

“ನಾಳೆ ಬೆಳಿಗ್ಗೆನೇ ಬನ್ನಿ,” ಎಂದಳು ನರ್ಸು, ನಾನು ಕಂಡದ್ದನ್ನು ಹೇಳಿದ ಮೇಲೆ.

“ಈ ಸೋಂಕು ಮುಗೀಲಿ ಸಿಸ್ಟರ್, ಬರ್ತೀನಿ. ಎದುರುಮನೆಯವರು ಆಸ್ಪತ್ರೆಗೆ ಹೋದವರು ಇನ್ನೂ ಬಂದಿಲ್ಲ.”

“ಅಷ್ಟು ದಿನ ಕಣ್ಣು ಕಾಯಲ್ಲ ಅಣ್ಣ. ಇಲ್ಲಿ ಒಂದು ಸಲಕ್ಕೆ ನಾಲ್ಕೇ ಜನ. ಕಿಟಕಿಗಳೆಲ್ಲ ತೆರೆದಿರ್ತವೆ.”

ಗೆರೆ ಕಾಣದ ಗೆರೆ ಮೇಸ್ತ್ರಿಯನ್ನು ಯಾರು ಕರೆದಾರು? ರಾತ್ರಿಯೆಲ್ಲ ಅದೇ ಯೋಚನೆ. ಬೆಳಿಗ್ಗೆ ಹೆಂಡತಿ ಎರಡು ಪದರದ ಮಾಸ್ಕು ಹೊಲಿದಿಟ್ಟಿದ್ದಳು. ಕಟ್ಟಿಕೊಂಡು ಹೊರಟೆ.

ಆಸ್ಪತ್ರೆಯಲ್ಲಿ ಒಂದು ಕುರ್ಚಿ ಬಿಟ್ಟು ಒಂದಕ್ಕೆ ಟೇಪು ಅಂಟಿಸಿದ್ದರು. ಆಚೆ ತುದಿಯಲ್ಲಿ ಕೂತಿದ್ದ ಅಜ್ಜಿ ಮಾಸ್ಕಿನೊಳಗಿಂದಲೇ ಗಟ್ಟಿಯಾಗಿ ಕೇಳಿದರು, “ನಿಂದು ಯಾವ ಕಣ್ಣಪ್ಪಾ?”

“ಬಲಗಣ್ಣು ಅಜ್ಜಿ.”

“ನಂದು ಎಡ. ಇಬ್ರೂ ಸೇರಿದ್ರೆ ಒಂದು ಜೋಡಿ ಆಗುತ್ತೆ.” ನಕ್ಕು, ಆಮೇಲೆ ದನಿ ತಗ್ಗಿಸಿದರು. “ನಾನು ಸೋಂಕಿಗೆ ಹೆದರಿಕೊಂಡು ಮೂರು ಸಲ ಇಲ್ಲಿಗೆ ಬರೋದು ತಪ್ಪಿಸಿದೆ. ಈಗ ಮೊಮ್ಮಗಳ ಮೂಗಿರೋ ಜಾಗದಲ್ಲಿ ಮಸಿ ಕಾಣುತ್ತೆ. ನೀನು ತಪ್ಪಿಸ್ಬೇಡ.”

ಒಳಗೆ ಡಾಕ್ಟರಮ್ಮ ಹೇಳಿದ್ದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಕಣ್ಣಿನ ಹಿಂದಿನ ಪರದೆಯ ಕೆಳಗೆ ನೀರು ಜಿನುಗಿ, ಪರದೆ ಉಬ್ಬಿತ್ತು.

“ಟೈಲ್ಸ್ ಹಿಂದೆ ತೇವ ಸೇರಿದ ಹಾಗೆ,” ಎಂದೆ.

“ಹೌದು ಮೇಸ್ತ್ರಿ. ಬೇಗ ಬಂದಿದ್ದೀರಿ, ಇನ್ನೂ ಉದುರಿಲ್ಲ. ಆದ್ರೆ ತಿಂಗಳಿಗೊಂದು ಇಂಜೆಕ್ಷನ್, ತಪ್ಪಿಸೋ ಹಾಗಿಲ್ಲ.”

ಕಣ್ಣಿಗೇ ಸೂಜಿ ಎಂದಾಗ ಕುರ್ಚಿಯಿಂದ ಏಳಹೊರಟೆ. ಫೋನಿನಲ್ಲಿ ಮಾತಾಡಿದ್ದ ನರ್ಸು ಕೈಗವಸಿನ ಕೈಯಲ್ಲಿ ನನ್ನ ಕೈ ಹಿಡಿದು, “ನಿಮ್ಮನೆ ಗೋಡೆಯಲ್ಲಿ ಎಷ್ಟು ಟೈಲ್ಸ್ ಇವೆ, ಲೆಕ್ಕ ಹೇಳಿ ಅಣ್ಣ,” ಎಂದಳು. ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಮುಗಿದೇಹೋಗಿತ್ತು.

ಮೂರನೇ ಇಂಜೆಕ್ಷನ್ನಾದ ವಾರಕ್ಕೆ ಎಡಗಣ್ಣು ಮುಚ್ಚಿ ಗೋಡೆ ನೋಡಿದೆ. ಗೆರೆ ಪೂರ್ತಿ ನೆಟ್ಟಗಾಗಿರಲಿಲ್ಲ; ಆದರೆ ಮುಂಚಿನ ಹಾಗೆ ಜೋತುಬಿದ್ದಿರಲಿಲ್ಲ. ಕಿತ್ತಿದ್ದ ಟೈಲ್ಸಿಗೆ ಗಾರೆ ಬಳಿದು, ಕಣ್ಣಳತೆಯಲ್ಲೇ ಜಾಗಕ್ಕೆ ಕೂರಿಸಿದೆ. ಹೆಂಡತಿ ಅದರ ಮೇಲೆ ರಸಮಟ್ಟ ಇಟ್ಟು ಬಗ್ಗಿ ನೋಡಿದಳು.

“ಗುಳ್ಳೆ ಒಂದು ಚೂರು ಎಡಕ್ಕಿದೆ ರೀ.”

“ರಸಮಟ್ಟ ಕೆಟ್ಟಿರ್ಬೇಕು.”

“ಮತ್ತೆ ಶುರು ಮಾಡಿದ್ರಾ?”

ನಾನು ಸುತ್ತಿಗೆ ತಿರುಗಿಸಿ, ಅದರ ಮರದ ಹಿಡಿಯಿಂದ ಗುಳ್ಳೆ ನಡುವೆ ಬರಲೆಂದು ಟೈಲ್ಸಿನ ಎಡ ಮೂಲೆಗೆ ಒಮ್ಮೆ ಮೆಲ್ಲಗೆ ತಟ್ಟಿದೆ.